ವೈರಕ್ಕ ಹುಡುಕುತ್ತಿರುವ ನಾಲ್ಕನೇ ಗಾಡಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ರಸ್ತೆಯ ಕೊನೆಯ ತಗಡಿನ ಶೆಡ್ಡಿನೊಳಗೆ ಹಳೆಯ ಕಾರೊಂದು ಬಾನೆಟ್ಟು ಎತ್ತಿಕೊಂಡು ನಿಂತಿದೆ. ಅದರ ಹಿಂದಿನ ಸೀಟಿನಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಕಾಲು ನೀಡಿಕೊಂಡು ಕೂತು ಟೀ ಕುಡಿಯುತ್ತಿದ್ದಾರೆ. ಕೈಯಲ್ಲಿ ಸ್ಪ್ಯಾನರಿಲ್ಲ, ಮೀಟರಿಲ್ಲ, ಇಂಜಿನ್ನಿನ ಕಡೆ ತಿರುಗಿಯೂ ನೋಡಿಲ್ಲ. ದಾರಿಹೋಕರು ಕಂಡರೆ, ಯಾರದೋ ಕಾರಿನಲ್ಲಿ ಇವರೇನು ಇಷ್ಟು ಹಾಯಾಗಿ ಕೂತಿದ್ದಾರೆ ಅಂದುಕೊಳ್ಳಬೇಕು. ಆದರೆ ಕೆಲಸ ಶುರುವಾಗಿ ಆಗಲೇ ಅರ್ಧ ಗಂಟೆಯಾಗಿದೆ.

ಕಾರಿನ ಮಾಲೀಕರು ಮುಂದಿನ ಸೀಟಿನಲ್ಲಿ ಕೂತು ತಮ್ಮ ಸಂಕಟ ತೋಡಿಕೊಳ್ಳುತ್ತಿದ್ದಾರೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ತಾಳ ಹಾಕುತ್ತವೆ. ಹಿಂದೆ ಬರುವವರು ಗಾಬರಿಬಿದ್ದು ಹಾರ್ನ್ ಹೊಡೆಯುತ್ತಾರೆ. ಮೂರು ಗ್ಯಾರೇಜು ಸುತ್ತಿದ್ದಾಯಿತು, ಮೂರೂ ಕಡೆ ಕೈ ಚೆಲ್ಲಿದ್ದಾರೆ.

"ಎಷ್ಟು ದಿನದಿಂದ?"

"ಎರಡು ವಾರ ಆಯ್ತಕ್ಕ."

"ಎರಡು ವಾರದ ಹಿಂದೆ ಏನಾಯ್ತು?"

"ಏನೂ ಆಗ್ಲಿಲ್ಲ."

"ಏನೂ ಆಗ್ದೆ ಇರೋಕೆ ಸಾಧ್ಯನೇ ಇಲ್ಲ. ಮಗು ಒಳಗೆ ವಾಂತಿ ಮಾಡ್ತಾ, ಗಾಡಿ ತೊಳ್ಸಿದ್ರಾ, ಸಾಮಾನು ಹೇರಿದ್ರಾ, ನಿಧಾನವಾಗಿ ನೆನಪು ಮಾಡ್ಕೊಳ್ಳಿ. ಟೀ ಇನ್ನೂ ಇದೆ."

ಮಾಲೀಕರು ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ, ಭಾವನ ಮನೆಯಿಂದ ಸಣ್ಣದೊಂದು ಕಪಾಟು ತಂದದ್ದು ನೆನಪಾಗುತ್ತದೆ. ಅಷ್ಟು ಸಾಕು. ಆಕೆ ಲೋಟ ಕೆಳಗಿಟ್ಟು ಹಿಂದಿನ ಡಿಕ್ಕಿ ತೆರೆದು, ನೆಲಹಾಸನ್ನು ಸರಿಸಿ, ಬೆರಳಲ್ಲಿ ತಡವುತ್ತಾರೆ. ದೀಪಗಳ ಅರ್ತ್ ವೈರನ್ನು ಗಾಡಿಯ ಮೈಗೆ ಬಿಗಿದ ಬೋಲ್ಟು ಕಪಾಟಿನ ಮೂಲೆ ತಗುಲಿ ಸಡಿಲವಾಗಿದೆ. ತುಕ್ಕು ಉಜ್ಜಿ ಬಿಗಿಯಲು ಹಿಡಿದದ್ದು ಏಳು ನಿಮಿಷ. ಮಾಲೀಕರು ಬ್ರೇಕ್ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ದೀಪಗಳು ಹೇಳಿದ ಮಾತು ಕೇಳುತ್ತಿವೆ.

ಈ ಬಡಾವಣೆಗೆಲ್ಲ ಆಕೆ ವೈರಕ್ಕ. ಹಳೆಯ ಗಾಡಿಗಳ ಕರೆಂಟಿನ ಕಾಯಿಲೆ ನೋಡುವುದು ಅವರ ಕಸುಬು, ಅದರಲ್ಲೂ ಬೇರೆಯವರಿಗೆ ತಲೆಬುಡ ತಿಳಿಯದೆ ಬಿಟ್ಟ ಕಾಯಿಲೆ. ದಿನಕ್ಕೆ ಎರಡು ಗಾಡಿ, ಹೆಚ್ಚೆಂದರೆ ಮೂರು. ಕೆಲವೊಮ್ಮೆ ಒಂದೇ ಗಾಡಿ ನಾಲ್ಕು ದಿನ ಶೆಡ್ಡಿನಲ್ಲಿ ಬೀಡುಬಿಟ್ಟು ಅವರಿಗೆ ನೀರು ಕುಡಿಸಿದ್ದೂ ಉಂಟು. ಇಪ್ಪತ್ತನಾಲ್ಕು ವರ್ಷದಿಂದ ಇದೇ ಶೆಡ್ಡು, ಇದೇ ಮರದ ಸ್ಟೂಲು, ಎರಡು ತಂತಿ ಕಟ್ಟಿದ ಇದೇ ಟೆಸ್ಟ್ ಬಲ್ಬು. ಹೊಸ ಕಾರುಗಳನ್ನು ಮುಟ್ಟುವುದಿಲ್ಲ. "ಅವು ಕಂಪ್ಯೂಟರ್ ಹತ್ರ ಮಾತ್ರ ಬಾಯಿ ಬಿಡ್ತವೆ. ನನ್ನ ಹತ್ರ ಯಾಕೋ ಬಿಗುಮಾನ" ಎಂದು ನಗುತ್ತಾರೆ.

ಶೆಡ್ಡಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುವವರು ಅವರ ಯಜಮಾನರು. ಅಂಗಡಿ ಶುರು ಮಾಡಿದ್ದು ಇವರೇ. ಮೂವತ್ತೆಂಟರ ವಯಸ್ಸಿಗೆ ದೃಷ್ಟಿ ಮಸುಕಾಗತೊಡಗಿತು. ಮೊದಲು ಕೈಕೊಟ್ಟದ್ದು ಬಣ್ಣಗಳು. ಕಂದು ವೈರನ್ನು ಕೆಂಪೆಂದು ತಿಳಿದು ಜೋಡಿಸಿ, ಒಂದು ಟೆಂಪೋದ ವೈರಿಂಗ್ ಪೂರ್ತಿ ಹೊಗೆಯಾಡಿದ ದಿನ ಮನೆಗೆ ಬಂದು ಸುಮ್ಮನೆ ಗೋಡೆಗೆ ಒರಗಿ ಕೂತರಂತೆ. ಆಗ ಮನೆಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದ ಹೆಂಡತಿಯನ್ನು ಅವರು ಕೇಳಿದ್ದು ಇಷ್ಟೇ, ಬಣ್ಣ ಹೇಳೋಕೆ ಒಂದು ವಾರ ಅಂಗಡಿಗೆ ಬರ್ತೀಯಾ ಅಂತ.

"ಆ ಒಂದು ವಾರ ಇನ್ನೂ ಮುಗಿದಿಲ್ಲ ನೋಡಿ" ಎಂದು ಕುರ್ಚಿಯಿಂದಲೇ ದನಿ ಬರುತ್ತದೆ.

"ನೀವು ಸುಮ್ನಿರ್ರೀ. ಮುಗಿಸ್ತೀನಿ ಅಂದ್ರೆ ಊಟ ಬಿಡೋರು ನೀವೇ."

ಬಣ್ಣ ಹೇಳುತ್ತ ಹೇಳುತ್ತ ಯಾವ ಬಣ್ಣ ಎಲ್ಲಿಗೆ ಹೋಗುತ್ತದೆ ಎಂಬುದು ಕರಗತವಾಯಿತು. ಯಜಮಾನರ ದೃಷ್ಟಿ ಪೂರ್ತಿ ಆರುವ ಹೊತ್ತಿಗೆ ಕೆಲಸವೂ ಪೂರ್ತಿ ಇವರ ಕೈಗೆ ಬಂದಿತ್ತು. ಆದರೆ ಗಿರಾಕಿಗಳು ಒಪ್ಪಬೇಕಲ್ಲ. ಒಳಗೆ ಇಣುಕಿ, ಮೇಸ್ತ್ರಿ ಎಲ್ಲಿ ಎಂದು ಕೇಳುವರು. ಹೆಂಗಸರು ನೋಡುತ್ತಾರೆ ಎಂದರೆ ಮೂಗು ಮುರಿದು ಗಾಡಿ ತಿರುಗಿಸಿಕೊಂಡು ಹೋಗುವರು. ಹಾಗಾಗಿ ಗಂಡಹೆಂಡತಿ ಒಂದು ವರ್ಷ ನಾಟಕವಾಡಿದರು. ವೈರಕ್ಕ ಬಗ್ಗಿ ನೋಡಿ ಮೆಲ್ಲಗೆ ಹೇಳುವುದು, ಯಜಮಾನರು ಗಂಟಲು ಸರಿಮಾಡಿಕೊಂಡು ಅದನ್ನೇ ಗತ್ತಿನಲ್ಲಿ ಘೋಷಿಸುವುದು. ಕೊನೆಗೊಬ್ಬ ಲಾರಿ ಡ್ರೈವರು, "ಅಣ್ಣ, ಅಕ್ಕ ಹೇಳಿದ್ದನ್ನ ನೀವು ತಿರುಗಿಸಿ ಹೇಳೋವಷ್ಟರಲ್ಲಿ ನಂಗೆ ಹೊತ್ತಾಗುತ್ತೆ. ನೇರವಾಗಿ ಅವರನ್ನೇ ಕೇಳ್ತೀನಿ ಬಿಡಿ" ಎಂದುಬಿಟ್ಟ. ನಾಟಕಕ್ಕೆ ಅಂದೇ ತೆರೆಬಿತ್ತು. ಈಗ ಯಜಮಾನರ ಪಾಲಿಗೆ ಕಿವಿಯ ಕೆಲಸ. ಸೆಲ್ಫ್ ಮೋಟಾರು ತಿರುಗುವ ಸದ್ದು ಕೇಳಿಯೇ ಬ್ಯಾಟರಿ ಸೋತಿದೆಯೋ ಮೋಟಾರು ಸವೆದಿದೆಯೋ ಹೇಳುತ್ತಾರೆ, ತಪ್ಪುವುದು ಅಪರೂಪ.

ಹೊಲಿಗೆಯ ರೂಢಿ ವೈರಕ್ಕನನ್ನು ಬಿಟ್ಟಿಲ್ಲ. ಎರಡು ವೈರು ಸೇರಿಸಿ ಟೇಪು ಸುತ್ತಿದ ಮೇಲೆ ಅದರ ಮೇಲೊಂದು ಕೆಂಪು ದಾರ ಬಿಗಿಯುತ್ತಾರೆ. ಮೂರು ಸುತ್ತು, ಗುಂಡಿ ಹಚ್ಚಿದ ಮೇಲೆ ಹಾಕುವಂಥ ಒಂದು ಗಂಟು. "ಟೇಪು ಬಿಸಿಗೆ ಜಾರುತ್ತೆ, ದಾರ ಜಾರಲ್ಲ" ಎಂಬುದು ಅವರ ಸಮಜಾಯಿಷಿ. ಎಲ್ಲೇ ಗಾಡಿ ಬಿಚ್ಚಿದರೂ ಕೆಂಪು ದಾರ ಕಂಡರೆ ಅದು ವೈರಕ್ಕನ ಕೈಕೆಲಸ ಎಂದು ಬೇರೆ ಮೇಸ್ತ್ರಿಗಳಿಗೂ ಗೊತ್ತು.

ಕಿಟಕಿಯ ಮೇಲೊಂದು ಬಿಸ್ಕತ್ತಿನ ಡಬ್ಬಿಯಿದೆ. ಗಾಡಿಗಳಿಂದ ಕತ್ತರಿಸಿ ತೆಗೆದ ಕೆಟ್ಟ ಜೋಡಣೆಗಳೆಲ್ಲ ಅದರಲ್ಲಿವೆ. ಫ್ಯೂಸಿನ ಬದಲು ಯಾರೋ ಸಿಕ್ಕಿಸಿದ ತಲೆಪಿನ್ನು, ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ, ಗಾಯಕ್ಕೆ ಹಾಕುವ ಅಂಟುಪಟ್ಟಿ ಸುತ್ತಿ ಮುಗಿಸಿದ ವೈರು. ಒಂದೊಂದಕ್ಕೂ ಸಣ್ಣ ಚೀಟಿ ಕಟ್ಟಿದ್ದಾರೆ. ಬಂದವರಿಗೆ ಅದನ್ನು ತೋರಿಸಿ ನಗಿಸುವುದು ಯಜಮಾನರ ಮೆಚ್ಚಿನ ಕೆಲಸವಾಗಿತ್ತು. ನಾಲ್ಕು ತಿಂಗಳಿಂದ ಆ ನಗುವಿನ ಬಣ್ಣ ಸ್ವಲ್ಪ ಬೇರೆಯಾಗಿದೆ. ಅದಕ್ಕೆ ಕಾರಣ ಒಂದು ಬಿಳಿ ವ್ಯಾನು.

ಇಪ್ಪತ್ತೆರಡು ವರ್ಷ ಹಳೆಯ ಡೀಸೆಲ್ ವ್ಯಾನು ಅದು. ಒಂದು ಸಣ್ಣ ಸೇವಾಸಂಸ್ಥೆಯದು. ವಾರಕ್ಕೆ ಮೂರು ದಿನ ಆರು ಮಂದಿ ಮೂತ್ರಪಿಂಡದ ರೋಗಿಗಳನ್ನು ಬೆಳಿಗ್ಗೆ ಡಯಾಲಿಸಿಸ್‌ಗೆ ಕರೆದೊಯ್ದು ಮಧ್ಯಾಹ್ನ ಮನೆಗೆ ಬಿಡುತ್ತದೆ. ಎರಡು ತಿಂಗಳಲ್ಲಿ ಹನ್ನೊಂದು ಸಲ ಅದು ನಡುರಸ್ತೆಯಲ್ಲಿ ಸತ್ತಂತೆ ನಿಂತಿತ್ತು. ಪ್ರತಿ ಸಲವೂ ವಾಪಸು ಬರುವಾಗಲೇ, ಹೋಗುವಾಗ ಒಂದು ದಿನವೂ ಇಲ್ಲ. ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಗುರ್ರೆನ್ನುತ್ತದೆ. ಬ್ಯಾಟರಿ ಬದಲಾಯಿಸಿದರು, ಡೈನಮೋ ಬದಲಾಯಿಸಿದರು, ಕೀಲಿಯ ಸ್ವಿಚ್ಚು, ಡೀಸೆಲ್ ಪಂಪಿನ ಕವಾಟ ಎಲ್ಲ ಹೊಸದಾದವು. ವ್ಯಾನು ತನ್ನ ಹಟ ಬಿಡಲಿಲ್ಲ.

ಸಂಸ್ಥೆಯ ಕಾರ್ಯದರ್ಶಿ ಕೊನೆಗೆ ಖಡಾಖಂಡಿತವಾಗಿ ಹೇಳಿದರು. ಇನ್ನೊಂದು ಸಲ ನಿಂತರೆ ಸೋಮವಾರ ವ್ಯಾನು ಗುಜರಿಗೆ. ಅವರನ್ನೂ ದೂರುವಂತಿಲ್ಲ, ಸುಸ್ತಾದ ಆರು ಜನರನ್ನು ಬಿಸಿಲಲ್ಲೋ ಚಳಿಯಲ್ಲೋ ರಸ್ತೆಬದಿ ಕೂರಿಸಲಾದೀತೇ. ಆದರೆ ಬೇರೆ ಗಾಡಿ ಕೊಳ್ಳುವ ಶಕ್ತಿ ಸಂಸ್ಥೆಗಿರಲಿಲ್ಲ. ವ್ಯಾನು ಹೋದರೆ ಆರು ಜನ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅವರಲ್ಲಿ ಇಬ್ಬರಿಗೆ ಬಸ್ಸಿನ ಮೆಟ್ಟಿಲು ಹತ್ತಲೂ ಆಗದು. "ಅವ್ರು ಮನೇಲೇ ಇದ್ದುಬಿಡ್ತಾರಕ್ಕ. ಇದ್ದುಬಿಟ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನಂಗೂ ಗೊತ್ತು" ಎಂದಿದ್ದ ವ್ಯಾನಿನ ಡ್ರೈವರು, ಶೆಡ್ಡಿಗೆ ಬಂದ ದಿನ.

ವೈರಕ್ಕ ಎರಡು ದಿನ ವ್ಯಾನನ್ನು ಜಾಲಾಡಿದರು. ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ದೋಷವೇ ಇಲ್ಲ. ಡ್ರೈವರನನ್ನು ಕೂರಿಸಿ ಕಥೆ ಕೇಳಿದರು. ವಾಪಸು ಬರುವಾಗ ಬೇರೆ ಏನಾದರೂ ಸ್ವಿಚ್ಚು ಹಾಕುತ್ತೀಯಾ ಎಂದರೆ ಅವನು ಆಣೆ ಮಾಡುವಂತೆ ಇಲ್ಲವೆಂದ. "ಹಾಗಾದ್ರೆ ಶನಿವಾರ ನಾನೂ ಬರ್ತೀನಿ, ಹಿಂದೆ ಕೂರ್ತೀನಿ" ಎಂದರು ವೈರಕ್ಕ. ಅವರ ಪ್ರಕಾರ ಗಾಡಿ ಓಡಿಸುವವನಿಗೆ ರಸ್ತೆ ಕಾಣುತ್ತದೆ, ಗಾಡಿಯೊಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದು ಸುಮ್ಮನೆ ಕೂತವರಿಗೆ. ಅದಕ್ಕೇ ಅವರು ಯಾವ ಗಾಡಿಯಲ್ಲೂ ಮೊದಲು ಹಿಂದಿನ ಸೀಟಿಗೇ ಹೋಗುವುದು.

ಶನಿವಾರ ಮಧ್ಯಾಹ್ನ ಮೋಡ ಕವಿದು ಚಳಿಗಾಳಿ ಬೀಸುತ್ತಿತ್ತು. ಚಿಕಿತ್ಸೆ ಮುಗಿಸಿದ ಆರು ಮಂದಿ ಶಾಲು ಹೊದ್ದು ಒಬ್ಬೊಬ್ಬರಾಗಿ ಹತ್ತಿದರು. ವೈರಕ್ಕನ ಪಕ್ಕ ಕೂತವರು ನಿವೃತ್ತ ಶಾಲಾ ಶಿಕ್ಷಕಿ, ಎಲ್ಲರ ಬಾಯಲ್ಲಿ ಟೀಚರ್. ಡ್ರೈವರನ ಮುಖ ಸಪ್ಪಗಿತ್ತು. ಗಾಡಿ ನಿಲ್ಲದಿರಲಿ ಎಂದು ಏಳು ಜನರ ಮನಸ್ಸು ಬೇಡುತ್ತಿದ್ದರೆ, ನಿಲ್ಲಲಿ ಎಂದು ಹಾರೈಸುತ್ತಿದ್ದವರು ವೈರಕ್ಕ ಒಬ್ಬರೇ.

"ದೋಷ ಇರೋವಾಗ್ಲೇ ಹಿಡೀಬೇಕು. ಅದು ಹೋದ್ಮೇಲೆ ಹುಡುಕಿದ್ರೆ ಬರೀ ವೈರು ಸಿಗುತ್ತೆ" ಎನ್ನುತ್ತಾರೆ ಅವರು.

ಸೇತುವೆ ದಾಟಿ ಅರ್ಧ ಕಿಲೋಮೀಟರಿಗೆ ವ್ಯಾನು ಒಮ್ಮೆ ಮುಗ್ಗರಿಸಿ ನಿಂತಿತು. ಡ್ರೈವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟ. "ಮುಗೀತು ಅಕ್ಕ" ಎಂದ. ವೈರಕ್ಕ ಆಗಲೇ ಕೆಳಗಿಳಿದು ಬಾನೆಟ್ಟು ಎತ್ತಿದ್ದರು. ಡೀಸೆಲ್ ಪಂಪಿನ ಮೇಲಿನ ಕವಾಟಕ್ಕೆ ಕರೆಂಟು ಬರುತ್ತಿದ್ದರಷ್ಟೇ ಇಂಜಿನ್ನಿಗೆ ಡೀಸೆಲ್ ಇಳಿಯುತ್ತದೆ. ಟೆಸ್ಟ್ ಬಲ್ಬು ಹಿಡಿದರೆ ಅಲ್ಲಿ ಕತ್ತಲೆ. ಅಂದರೆ ಕೀಲಿಗೂ ಪಂಪಿಗೂ ನಡುವೆ ಎಲ್ಲೋ ಕರೆಂಟು ಕಟ್ಟಾಗಿದೆ, ಹತ್ತು ನಿಮಿಷದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಆ ವೈರು ಡ್ಯಾಶ್‌ಬೋರ್ಡಿನ ಹಿಂದೆ ನಲವತ್ತು ವೈರುಗಳ ಕಟ್ಟಿನೊಳಗೆ ಮಂಗಮಾಯ. ಬಿಚ್ಚುತ್ತ ಕೂತರೆ ಹತ್ತು ನಿಮಿಷ ಕಣ್ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ.

ವೈರಕ್ಕ ಒಳಗೆ ಬಂದು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು. "ಗಾಡಿ ನಿಲ್ಲೋ ಮುಂಚೆ ನಿಮಗೆ ಏನಾದ್ರೂ ಗೊತ್ತಾಗುತ್ತಾ? ವಾಸನೆ, ಸದ್ದು, ಏನೇ ಇರ್ಲಿ. ಇದು ಹೇಳೋ ವಿಷಯ ಅಲ್ಲ ಅನ್ಸಿದ್ರೂ ಹೇಳಿ."

ಟೀಚರ್ ಶಾಲು ಸರಿಮಾಡಿಕೊಂಡು ಸಂಕೋಚದಿಂದ ಬಾಯಿ ತೆರೆದರು. "ನಂಗೊಂದು ಗೊತ್ತು. ಹೇಳಿದ್ರೆ ನಗ್ತೀರಿ. ನನ್ನ ಕಾಲು ಬೆಚ್ಚಗಾದ ತಕ್ಷಣ ಗಾಡಿ ನಿಂತೋಗುತ್ತೆ. ಅಬ್ಬ, ಹಾಯಾಯ್ತು ಅಂದ್ಕೊಳ್ಳೋದೂ ಇದು ನಿಲ್ಲೋದೂ ಒಂದೇ."

"ಕಾಲು ಯಾಕೆ ಬೆಚ್ಚಗಾಗುತ್ತೆ ಟೀಚರ್?"

"ಬಿಸಿ ಗಾಳಿ ಬರುತ್ತಲ್ಲ."

ವೈರಕ್ಕ ಡ್ರೈವರನ ಕಡೆ ತಿರುಗಿದರು. ಅವನು ತಬ್ಬಿಬ್ಬಾಗಿದ್ದ. ಡ್ರೈವರ್ ಸೀಟಿನ ಮುಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಏನೂ ಬರೆಯದ ಒಂದು ಕರಿ ತಿರುಗುಗುಂಡಿಯಿತ್ತು. ಎರಡು ತಿಂಗಳ ಹಿಂದೆ, ಚಿಕಿತ್ಸೆ ಮುಗಿಸಿ ಬಂದವರು ನಡುಗುತ್ತಿರುವುದನ್ನು ನೋಡಲಾರದೆ ಅವನು ಅದನ್ನು ತಿರುಗಿಸಿ ನೋಡಿದ್ದ. ಹಳೆಯ ಹೀಟರೊಂದು ಉಸಿರೆಳೆದುಕೊಂಡು ಬಿಸಿ ಗಾಳಿ ಊದಿತ್ತು. ಅಂದಿನಿಂದ ಚಳಿಯಿದ್ದ ದಿನ ವಾಪಸು ಬರುವಾಗ ಹಾಕುತ್ತಿದ್ದ. "ನೀವು ಸ್ವಿಚ್ಚು ಅಂದ್ರಿ, ನಾನು ಲೈಟು ಹಾರ್ನು ಅಂದ್ಕೊಂಡೆ. ಇದು ಅವರಿಗೆ ಬೆಚ್ಚಗಿರ್ಲಿ ಅಂತ ಹಾಕಿದ್ದು. ಇದು ಗಾಡಿ ಕೆಟ್ಟಿದ್ದಕ್ಕೆ ಸೇರುತ್ತೆ ಅಂತ ನಂಗೆ ಹೊಳೀಲೇ ಇಲ್ಲಕ್ಕ."

ವೈರಕ್ಕನೂ ಆ ಗುಂಡಿಯನ್ನು ನೋಡಿದ್ದರು. ಹಳೆಯ ಗಾಡಿಯಲ್ಲಿ ಸತ್ತ ಸ್ವಿಚ್ಚುಗಳಿಗೆ ಬರವೇ, ಇದೂ ಅದರಲ್ಲೊಂದು ಎಂದು ಬಿಟ್ಟಿದ್ದರು. ಈಗ ಮಂಡಿಯೂರಿ, ಗುಂಡಿಯ ಹಿಂದಿನ ವೈರು ಹಿಡಿದು ಕೈಯನ್ನು ಕತ್ತಲೊಳಗೆ ತೂರಿಸಿದರು. ಮೊಳಕೈವರೆಗೆ ಕೈ ಹೋದಾಗ ಬೆರಳಿಗೆ ಒಂದು ಗಂಟು ಸಿಕ್ಕಿತು. ಚುರ್ ಎಂದಿತು. ಸಿಕ್ಕಿತು ಎಂದು ಕೂಗಲು ಹೊರಟವರು ಬೆರಳನ್ನು ಮತ್ತೊಮ್ಮೆ ಅದರ ಮೇಲಾಡಿಸಿದರು. ಟೇಪಿನ ಮೇಲೆ ದಾರವಿತ್ತು. ಮೂರು ಸುತ್ತು, ಒಂದು ಗಂಟು. ಬಣ್ಣ ನೋಡುವ ಅಗತ್ಯವೇ ಇರಲಿಲ್ಲ.

ಹನ್ನೊಂದು ವರ್ಷದ ಹಿಂದಿನ ಒಂದು ವಾರ ಅವರ ಕಣ್ಣ ಮುಂದೆ ಬಂತು. ಆ ವರ್ಷ ಎಂದೂ ಕಾಣದ ಚಳಿ. ಒಂದೇ ಸ್ಟ್ಯಾಂಡಿನ ನಾಲ್ಕು ವ್ಯಾನಿನವರು ಒಟ್ಟಿಗೆ ನಾಲ್ಕು ಹೀಟರು ತಂದು ಕೂಡಲೇ ಹಾಕಿಕೊಡಿ ಎಂದು ದುಂಬಾಲು ಬಿದ್ದಿದ್ದರು. ಯಜಮಾನರು ಕಣ್ಣಿನ ಕೊನೆಯ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದರು. ಹೀಟರಿನಂಥ ಕರೆಂಟು ತಿನ್ನುವ ಸಾಮಾನಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರು ಎಳೆಯಬೇಕು. ವೈರಕ್ಕ ಎಳೆಯಲಿಲ್ಲ. ಕೀಲಿ ತಿರುಗಿಸಿದಾಗ ಕರೆಂಟು ಬರುವ ವೈರೊಂದು ಕೈಗೆ ಹತ್ತಿರ ಸಿಕ್ಕಿತು, ಅದರಿಂದಲೇ ಕವಲು ತೆಗೆದರು. ಅದು ಪಂಪಿಗೆ ಹೋಗುವ ತೆಳು ವೈರು. ಆಗ ಹಸಿರಾಗಿದ್ದ ಗಾಡಿ, ಮಾಲೀಕರು ಬದಲಾಗಿ ಬಿಳಿಯಾಗಿತ್ತು, ಅದಕ್ಕೇ ಗುರುತು ಸಿಕ್ಕಿರಲಿಲ್ಲ. ಹೀಟರನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಹೀಟರು ಓಡಿದಾಗಲೆಲ್ಲ ಆ ಜೋಡಣೆ ಕಾದು ಬಿಟ್ಟುಕೊಳ್ಳುವುದು, ತಣಿದಾಗ ಮತ್ತೆ ಅಂಟುವುದು. ದೋಷ ಅಷ್ಟೇ.

ಕತ್ತರಿಸಿದ ಆ ತುಂಡನ್ನು ಅವರು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಎಲ್ಲರ ಕಣ್ಣಲ್ಲಿ ಅವರು ಗಾಡಿಯ ಪ್ರಾಣ ಉಳಿಸಿದವರು. ಡ್ರೈವರು ಕೈ ಮುಗಿಯುವುದೊಂದು ಬಾಕಿ. "ಒಂದು ಕ್ಷಣ ಜೇಬಿಗೆ ಹೋಗಿತ್ತು ಕೈ. ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ವೈರಕ್ಕ.

ಆಮೇಲೆ ತುಂಡನ್ನು ಅಂಗೈಯಲ್ಲಿಟ್ಟು ಆರು ಜನರಿಗೂ ತೋರಿಸಿದರು. "ಇದು ಬೇರೆ ಯಾರೋ ಮಾಡಿದ್ದಲ್ಲ. ನಾನೇ ಮಾಡಿದ್ದು. ಇವತ್ತಿಂದೂ ಸೇರಿ ಹನ್ನೆರಡು ಸಲ ನಿಮ್ಮನ್ನ ರಸ್ತೇಲಿ ಕೂರ್ಸಿದ್ದು ನಾನು. ತಪ್ಪಾಯ್ತು."

ಡ್ರೈವರು ಬೇರೆ ಕಡೆ ನೋಡುತ್ತ ನಿಂತ. ಟೀಚರ್ ಆ ತುಂಡನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. "ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲಮ್ಮ. ಹನ್ನೊಂದು ವರ್ಷ ಲೇಟು" ಎಂದು ವಾಪಸು ಕೊಟ್ಟರು. "ಆದ್ರೆ ಹೆಸರು ಬರ್ದಿದೀರಲ್ಲ ಪೇಪರ್ ಮೇಲೆ, ಪಾಸ್ ಮಾಡೋಣ." ಮೊದಲು ನಕ್ಕವನು ಡ್ರೈವರು.

ಪಂಪಿನ ವೈರನ್ನು ಅಲ್ಲೇ ಸರಿಮಾಡಿ ಎಲ್ಲರನ್ನೂ ಮನೆ ಸೇರಿಸಿದ್ದಾಯಿತು. ವ್ಯಾನು ನಿಂತದ್ದಂತೂ ನಿಜ, ಷರತ್ತು ಷರತ್ತೇ. ವೈರಕ್ಕ ಅದೇ ಸಂಜೆ ಸುಟ್ಟ ತುಂಡು ಹಿಡಿದು ಕಾರ್ಯದರ್ಶಿಯ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದರು. "ಗುಜರಿಗೆ ಹಾಕೋ ಹಾಗಿದ್ರೆ ನನ್ನನ್ನ ಹಾಕಿ, ಗಾಡೀದೇನೂ ತಪ್ಪಿಲ್ಲ" ಎಂದರಂತೆ. ಕಾರ್ಯದರ್ಶಿ ಒಂದು ತಿಂಗಳು ಗಡುವು ಕೊಟ್ಟರು. ಭಾನುವಾರವಿಡೀ ಕೂತು ಹೀಟರಿಗೆ ಬ್ಯಾಟರಿಯಿಂದ ದಪ್ಪ ವೈರು ಎಳೆದು, ಅದಕ್ಕೆಂದೇ ಫ್ಯೂಸು ಹಾಕಿ, ಗುಂಡಿಯ ಪಕ್ಕ ಬಿಳಿ ಬಣ್ಣದಲ್ಲಿ ಹೀಟರ್ ಎಂದು ಬರೆದದ್ದು ವೈರಕ್ಕ. ಹೀಟರು ತೆಗೆದುಹಾಕುವುದು ಸುಲಭವಿತ್ತು, ಆದರೆ ಅದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ನಾಲ್ಕು ತಿಂಗಳಾಯಿತು, ವ್ಯಾನು ಒಂದು ದಿನವೂ ನಿಂತಿಲ್ಲ. ಗುಜರಿಯ ಮಾತು ಯಾರೂ ಎತ್ತುತ್ತಿಲ್ಲ. ಟೀಚರ್ ಕಾಲು ಮನೆವರೆಗೂ ಬೆಚ್ಚಗಿರುತ್ತದೆ.

ಸುಟ್ಟ ತುಂಡು ಈಗ ಬಿಸ್ಕತ್ತಿನ ಡಬ್ಬಿಯಲ್ಲಿಲ್ಲ. ಶೆಡ್ಡಿನ ಬಾಗಿಲ ಮೊಳೆಗೆ ನೇತುಹಾಕಿದೆ. ಚೀಟಿಯ ಮೇಲೆ ಎರಡೇ ಪದ: ನನ್ನದು, ಅವಸರದ್ದು. ಯಜಮಾನರು ಬಂದವರಿಗೆ ಮೊದಲು ಅದನ್ನೇ ಮುಟ್ಟಿ ತೋರಿಸುತ್ತಾರೆ. "ಇಷ್ಟು ವರ್ಷ ಊರವರ ತಪ್ಪು ತೋರ್ಸಿ ನಕ್ಕಿದ್ದಕ್ಕೆ ನಮ್ಮದೂ ಒಂದು ಇರ್ಲಿ ಅಂತ" ಎನ್ನುವಾಗ ಅವರ ದನಿಯಲ್ಲಿ ಹೆಂಡತಿಯ ಬಗ್ಗೆ ಹೆಮ್ಮೆ ಅಡಗಿಸಿದರೂ ಅಡಗುವುದಿಲ್ಲ.

ಹೀಟರು ಹಾಕಿದ್ದು ನಾಲ್ಕು ಗಾಡಿಗೆ. ಅಂದಿನಿಂದ ವೈರಕ್ಕ ಉಳಿದ ಮೂರನ್ನು ಹುಡುಕುತ್ತಿದ್ದಾರೆ. ಹಳೆಯ ಡ್ರೈವರುಗಳ ಮನೆಗೆ ಹೋಗಿ, ಗುಜರಿ ಅಂಗಡಿಗಳಲ್ಲಿ ವಿಚಾರಿಸಿ ಒಂದನ್ನು ಪತ್ತೆಮಾಡಿದರು, ಅದು ಆಲೂಗಡ್ಡೆ ಸಾಗಿಸುತ್ತಿತ್ತು. ಇನ್ನೊಂದು ಯಾರದೋ ಹಿತ್ತಿಲಲ್ಲಿ ಚಕ್ರವಿಲ್ಲದೆ ನಿಂತು ಕೋಳಿಗೂಡಾಗಿತ್ತು. ಅದರ ವೈರನ್ನೂ ಬಿಡದೆ ಕತ್ತರಿಸಿ ಸರಿಮಾಡಿದರು. "ಕೋಳಿಗಳು ಹೀಟರ್ ಹಾಕ್ತವಾ ಅಂತ ಇವ್ರು ನಗ್ತಾರೆ. ಹಾಕಲ್ಲ. ಆದ್ರೆ ನಂಗೆ ರಾತ್ರಿ ನಿದ್ದೆ ಬರ್ಬೇಕಲ್ಲ."

ನಾಲ್ಕನೆಯದು ಇನ್ನೂ ಸಿಕ್ಕಿಲ್ಲ. ಅದರ ಬಣ್ಣ ಬದಲಾಗಿರಬಹುದು, ಎಷ್ಟು ಕೈ ದಾಟಿದೆಯೋ ತಿಳಿಯದು. ಆದರೆ ಒಂದು ಗುರುತಿದೆ. ಆ ವಾರ ತಂದಿದ್ದ ತಿರುಗುಗುಂಡಿಗಳು ಮೂರಕ್ಕೇ ಮುಗಿದಿದ್ದವು. ನಾಲ್ಕನೇ ಗಾಡಿಗೆ ವೈರಕ್ಕ ಹೊಲಿಗೆಯ ಡಬ್ಬಿಯಿಂದ ಕೋಟಿನ ದೊಡ್ಡ ಬಿಳಿ ಗುಂಡಿಯೊಂದನ್ನು ತಂದು ಸ್ವಿಚ್ಚಿನ ತುದಿಗೆ ಅಂಟಿಸಿದ್ದರು.

ಬರಹಕ್ಕೆಂದು ಒಂದು ಫೋಟೋ ಕೇಳಿದರೆ ವೈರಕ್ಕ ಕೈ ಅಡ್ಡ ಹಿಡಿಯುತ್ತಾರೆ. ಅಷ್ಟರಲ್ಲಿ ಹೊರಗೆ ಇನ್ನೊಂದು ಗಾಡಿ ಬಂದು ನಿಲ್ಲುತ್ತದೆ. ಯಜಮಾನರು ಕಿವಿಗೊಟ್ಟು, ಬ್ಯಾಟರಿ ಸೋತಿದೆ ಕಣೇ ಎನ್ನುತ್ತಾರೆ. ವೈರಕ್ಕ ಎದ್ದು ಹೋಗಿ, ಮಾಲೀಕರನ್ನು ಮಾತಾಡಿಸುವ ಮೊದಲೇ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೊಮ್ಮೆ ಕೈಯಾಡಿಸಿ ನೋಡುತ್ತಾರೆ. ಇಲ್ಲ. ಕೈ ಒರೆಸಿಕೊಳ್ಳುತ್ತ ತಿರುಗುತ್ತಾರೆ.

"ನನ್ನ ಮುಖ ಹಾಕಿ ಏನು ಪ್ರಯೋಜನ. ಆ ಜಾಗದಲ್ಲಿ ಇದನ್ನ ಬರೀರಿ. ನಿಮ್ಮ ಹಳೇ ವ್ಯಾನಿನ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಬಿಳಿ ಕೋಟಿನ ಗುಂಡಿ ಇದ್ರೆ, ಎಷ್ಟೇ ಚಳಿ ಇರ್ಲಿ, ಅದನ್ನ ತಿರುಗಿಸ್ಬೇಡಿ. ನನ್ನ ಹತ್ರ ತನ್ನಿ. ಹಿಂದಿನ ಸೀಟಲ್ಲಿ ಯಾರಾದ್ರೂ ಕಾಲು ತಣ್ಣಗಿದೆ ಅನ್ನೋಕ್ಕೆ ಮುಂಚೆ ಅದೊಂದು ನನ್ನ ಕೈಗೆ ಸಿಕ್ಬಿಟ್ರೆ ಸಾಕು."